ದೇಹದ ಕೋಟೆಯೂ ಮೆಟ್ಟಿಲು ಬಾವಿಯ ನಾರುಹುಳವೂ

ಮನುಷ್ಯ ದೇಹವನ್ನು ಕೋಟೆಗೆ ಹೋಲಿಸುವುದು ನಮ್ಮಲ್ಲಿ ಹಳೆಯ ರೂಢಿ. ಶುಕ್ರವಾರದ ಪ್ರವಚನಗಳಲ್ಲಿಯೂ ಶಾಲೆಯ ವಿಜ್ಞಾನ ಪಾಠಗಳಲ್ಲಿಯೂ ಈ ಹೋಲಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಚರ್ಮವು ಹೊರಗೋಡೆ, ಕಣ್ಣು, ಮೂಗು, ಬಾಯಿಗಳು ಬಾಗಿಲುಗಳು, ಜಠರವು ಒಳಗಿನ ಅಗ್ನಿಕುಂಡ, ರಕ್ತದ ಬಿಳಿಕಣಗಳು ಹಗಲಿರುಳು ತಿರುಗುವ ಪಹರೆಯವರು. ಸೃಷ್ಟಿಕರ್ತನು ಮನುಷ್ಯನನ್ನು ಎಂತಹ ಸುಂದರ ಕ್ರಮದಲ್ಲಿ ರೂಪಿಸಿದ್ದಾನೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಆದರೆ ಕೋಟೆಗಳ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಕೋಟೆಯ ಇನ್ನೊಂದು ಇತಿಹಾಸವೂ ತಿಳಿದಿದೆ. ಗೋಡೆ ಗಟ್ಟಿಯಾಗಿಯೇ ಇದ್ದು, ಬಾಗಿಲಿನ ಕೀಲಿಕೈ ಶತ್ರುವಿಗೆ ಸಿಕ್ಕಿದ್ದರಿಂದ ಬಿದ್ದುಹೋದ ಕೋಟೆಗಳು ಎಷ್ಟೋ ಇವೆ. ದೇಹದ ಕೋಟೆಗೆ ಅಂತಹ ಕೀಲಿಕೈ ಹೊಂದಿದ್ದ ಒಂದು ಶತ್ರು ನಮ್ಮ ಸೀಮೆಯ ಬಾವಿಗಳ ನೀರಿನಲ್ಲಿಯೇ ವಾಸವಾಗಿತ್ತು. ಅದರ ಹೆಸರು ನಾರುಹುಳ. ಅದು ತರುತ್ತಿದ್ದ ರೋಗ ನಾರುಹುಣ್ಣು. ಇಂದು ಶಾಲೆಗೆ ಬರುವ ಮಕ್ಕಳಲ್ಲಿ ಈ ಪದವನ್ನು ಕೇಳಿರುವವರು ವಿರಳ. ಅದು ಸಂತೋಷದ ವಿಷಯವೇ ಸರಿ. ಆದರೆ ಆ ರೋಗ ನಮ್ಮನ್ನು ಬಿಟ್ಟುಹೋದ ಬಗೆಯನ್ನು ಹಿರಿಯರೂ ಮರೆತಿರುವುದು ನಮಗೆ ಅಷ್ಟು ಸರಿಯೆನಿಸುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಊರುಗಳು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿವೆ. 1997ರವರೆಗೆ ಅಖಂಡ ವಿಜಯಪುರ ಜಿಲ್ಲೆಯಲ್ಲಿದ್ದವು. ಅದಕ್ಕೂ ಹಿಂದೆ ಇವುಗಳ ಒಡೆಯರು ಬೇರೆ ಬೇರೆ. ಜಮಖಂಡಿ ಮತ್ತು ಬನಹಟ್ಟಿಗಳು ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿ, ರಬಕವಿಯು ಸಾಂಗಲಿ ಸಂಸ್ಥಾನದಲ್ಲಿ, ಮುಧೋಳವು ಘೋರ್ಪಡೆಯವರ ಆಳ್ವಿಕೆಯಲ್ಲಿ ಇದ್ದರೆ, ಬೀಳಗಿಯು ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಒಡೆಯರು ಬೇರೆಯಾದರೂ ನೆಲ ಒಂದೇ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ನಡುವೆ ಕರಿಮಣ್ಣಿನ ಬಯಲು. ಎರಡು ಹೊಳೆಗಳ ನಡುವೆ ಇದ್ದೂ ಇದು ಮಳೆಗೆ ಬಡವಾದ ಸೀಮೆ. ಅಣೆಕಟ್ಟು, ಕಾಲುವೆಗಳು ಬರುವ ಮೊದಲು ಹೊಳೆಯ ದಂಡೆಯ ಊರುಗಳನ್ನು ಬಿಟ್ಟರೆ ಉಳಿದವರಿಗೆಲ್ಲ ಕೆರೆ, ಹಳ್ಳದ ವರತೆ ಮತ್ತು ಬಾವಿಗಳೇ ಗತಿ. ಬೇಸಿಗೆ ಬಂದಂತೆ ಬಾವಿಯ ನೀರು ಆಳಕ್ಕೆ ಸರಿಯುತ್ತದೆ. ಅದರ ಬೆನ್ನಟ್ಟಿ ಇಳಿಯಲು ಕಟ್ಟಿದ್ದೇ ಮೆಟ್ಟಿಲು ಬಾವಿ.

ಬಾಯಾರಿದವರಿಗೆ ನೀರು ಕೊಡುವುದು ಎಲ್ಲ ಧರ್ಮಗಳಲ್ಲಿಯೂ ಪುಣ್ಯ. ಇಸ್ಲಾಮಿನಲ್ಲಿ ಬಾವಿ ತೋಡಿಸುವುದನ್ನು ಸದಕಾ ಜಾರಿಯಾ, ಅಂದರೆ ಕೊಟ್ಟವನು ತೀರಿಹೋದ ಮೇಲೂ ಹರಿಯುತ್ತಿರುವ ದಾನ ಎಂದು ಎಣಿಸಲಾಗುತ್ತದೆ. ಆದಿಲಶಾಹಿ ಅರಸರು ವಿಜಯಪುರದಲ್ಲಿ ಕಟ್ಟಿಸಿದ ಚಾಂದ್ ಬಾವಡಿ, ತಾಜ್ ಬಾವಡಿಗಳನ್ನು ನೋಡಲು ಇಂದಿಗೂ ಜನ ಬರುತ್ತಾರೆ. ಅಷ್ಟು ದೊಡ್ಡದಲ್ಲದಿದ್ದರೂ ಅದೇ ನಂಬಿಕೆಯಿಂದ ದೇಸಾಯಿಗಳು, ಶೆಟ್ಟರು, ಮಠದವರು, ದರ್ಗಾದವರು ಹಳ್ಳಿಹಳ್ಳಿಗಳಲ್ಲಿ ಬಾವಿಗಳನ್ನು ಕಟ್ಟಿಸಿದರು. ಹೆಂಗಸರು, ಮಕ್ಕಳು, ದಾರಿಹೋಕರು ಹಗ್ಗ-ಕೊಡಗಳ ಹಂಗಿಲ್ಲದೆ ನೇರವಾಗಿ ನೀರಿನವರೆಗೆ ಇಳಿಯಲಿ ಎಂಬ ಕರುಣೆ ಆ ಮೆಟ್ಟಿಲುಗಳಲ್ಲಿತ್ತು. ಕೆಡುಕು ಬಂದದ್ದೂ ಆ ಮೆಟ್ಟಿಲುಗಳ ಮೂಲಕವೇ. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ದೇಹದ ಗೋಡೆ-ಬಾಗಿಲುಗಳ ಪರಿಚಯ ಮಾಡಿಕೊಳ್ಳಬೇಕು.

ಚರ್ಮದಿಂದ ಆರಂಭಿಸೋಣ. ವಯಸ್ಕನ ಮೈಮೇಲಿನ ಚರ್ಮವನ್ನು ಹಾಸಿದರೆ ಸುಮಾರು ಎರಡು ಚದರ ಮೀಟರಿನಷ್ಟಾಗುತ್ತದೆ. ಅದರ ಹೊರಪದರ ಸತ್ತ ಜೀವಕೋಶಗಳದ್ದು. ಇಟ್ಟಿಗೆ-ಗಾರೆಗಳಂತೆ ಒತ್ತಾಗಿ ಜೋಡಿಸಿದ ಆ ಪದರದ ಮೂಲಕ ರೋಗಾಣುಗಳು ತೂರಲಾರವು. ಸುಮಾರು ಒಂದು ತಿಂಗಳಿಗೊಮ್ಮೆ ಇಡೀ ಪದರ ಉದುರಿ ಹೊಸದು ಬರುತ್ತದೆ; ಅದರೊಡನೆ ಅಂಟಿಕೊಂಡಿದ್ದ ರೋಗಾಣುಗಳೂ ಉದುರುತ್ತವೆ. ಬೆವರಿನ ಉಪ್ಪು, ಚರ್ಮದ ಜಿಡ್ಡು, ಮೈಮೇಲಿನ ಸ್ವಲ್ಪ ಹುಳಿತನ, ಇವೆಲ್ಲ ಹೊರಗಿನ ಕ್ರಿಮಿಗಳಿಗೆ ಆಗಿಬರದವು. ಚರ್ಮದ ಮೇಲೆ ನಿತ್ಯ ವಾಸಿಸುವ ನಿರುಪದ್ರವಿ ಬ್ಯಾಕ್ಟೀರಿಯಾಗಳೂ ಕೋಟಿಗಟ್ಟಲೆ ಇವೆ; ಜಾಗವನ್ನು ಮೊದಲೇ ಹಿಡಿದುಕೊಂಡಿರುವ ಅವು ಹೊಸಬರಿಗೆ ಎಡೆಕೊಡುವುದಿಲ್ಲ. ಗೋಡೆ ಬಿರುಕುಬಿಟ್ಟಾಗ ಮಾತ್ರ ತೊಂದರೆ. ಮುಧೋಳ, ಜಮಖಂಡಿಗಳ ಕಬ್ಬಿನ ಗದ್ದೆಗಳಲ್ಲಿ ದುಡಿಯುವವರ ಕೈಕಾಲುಗಳನ್ನು ನೋಡಿದವರಿಗೆ ಈ ಬಿರುಕು ಎಂದರೇನೆಂದು ಗೊತ್ತು. ಗರಗಸದಂತಹ ಅಂಚಿನ ರವದಿಯು ಗೀರಿದ ಸಣ್ಣ ಗಾಯದಲ್ಲಿ ಗದ್ದೆಯ ಮಣ್ಣು ಸೇರುತ್ತದೆ, ಆ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣು ಇರಬಹುದು.

ಬಿರುಕು ಕಣ್ಣಿಗೆ ಕಾಣಲೇಬೇಕೆಂದಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳವರೆಗೂ ಬಂದ ಪ್ಲೇಗು ಮನುಷ್ಯನ ಒಳಹೊಕ್ಕದ್ದು ಚಿಗಟದ ಒಂದು ಕಡಿತದಿಂದ. ಜನ ಆಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇಲಿಯ ಮೈಯಿಂದ ಚಿಗಟ, ಚಿಗಟದಿಂದ ಮನುಷ್ಯ ಎಂಬ ದಾರಿಯನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಹಿಡಿದದ್ದು 1898ರಲ್ಲಿ. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಹಾಫ್‌ಕಿನ್ ಲಸಿಕೆಯನ್ನು ಚುಚ್ಚಲಾಯಿತು. ಅದರ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುವಂಥದ್ದು.

ಎರಡನೆಯದು ಉಸಿರಿನ ದಾರಿ. ರಬಕವಿ-ಬನಹಟ್ಟಿಯ ಮಗ್ಗದ ಮನೆಯೊಳಗೆ ಹೋಗಿ ನಿಂತರೆ ಬಿಸಿಲುಕೋಲಿನಲ್ಲಿ ಹತ್ತಿಯ ಧೂಳು ತೇಲುವುದು ಕಾಣುತ್ತದೆ. ಕೈಮಗ್ಗದ ಕಾಲದಲ್ಲಿಯೂ ಅದಿತ್ತು. ಪವರ್‌ಲೂಮ್ ಬಂದ ಮೇಲೆ ಹೆಚ್ಚಾಯಿತು. ಅಂತಹ ಧೂಳಿನೊಡನೆ ರೋಗಾಣುಗಳೂ ಉಸಿರಿನಲ್ಲಿ ಬರುತ್ತವೆ. ಮೂಗಿನ ಕೂದಲು ದಪ್ಪ ಧೂಳನ್ನು ತಡೆಯುತ್ತದೆ. ಅದನ್ನು ದಾಟಿದ್ದು ಲೋಳೆಗೆ ಅಂಟಿಕೊಳ್ಳುತ್ತದೆ. ಶ್ವಾಸನಾಳದ ಒಳಮೈ ತುಂಬ ಕಣ್ಣಿಗೆ ಕಾಣದ ರೋಮಗಳಿದ್ದು, ಅವು ಸೆಕೆಂಡಿಗೆ ಹತ್ತಾರು ಬಾರಿ ಒಂದೇ ದಿಕ್ಕಿಗೆ ಬಡಿಯುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ನಾವು ಅರಿಯದೆಯೇ ಅದನ್ನು ನುಂಗುತ್ತೇವೆ. ಅಲ್ಲಿಗೆ ಅದು ಜಠರದ ಪಾಲು. ಬೀಡಿ, ಸಿಗರೇಟಿನ ಹೊಗೆ ಈ ರೋಮಗಳನ್ನು ಜಡಗೊಳಿಸುತ್ತದೆ. ಹೀಗಾಗಿ ಮಗ್ಗದ ಧೂಳಿನಲ್ಲಿ ಕುಳಿತು ಬೀಡಿ ಸೇದುವವನು ತನ್ನ ಕೋಟೆಯ ಪಹರೆಯವರ ಕೈಗಳನ್ನು ತಾನೇ ಕಟ್ಟಿಹಾಕಿದಂತೆ.

ಕಣ್ಣಿನ ಕಾವಲು ಕಣ್ಣೀರು. 1922ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಮೂಗಿನ ಲೋಳೆಯಲ್ಲಿಯೂ ಕಣ್ಣೀರಿನಲ್ಲಿಯೂ ಬ್ಯಾಕ್ಟೀರಿಯಾಗಳನ್ನು ಕರಗಿಸುವ ಒಂದು ವಸ್ತುವಿದೆ ಎಂದು ಪ್ರಕಟಿಸಿ ಅದಕ್ಕೆ ಲೈಸೋಜೈಮ್ ಎಂದು ಹೆಸರಿಟ್ಟರು. ಪೆನಿಸಿಲಿನ್ ಕಂಡುಹಿಡಿದವರು ಇವರೇ, ಆರು ವರ್ಷಗಳ ಬಳಿಕ. ಜೊಲ್ಲಿನಲ್ಲಿಯೂ ಎದೆಹಾಲಿನಲ್ಲಿಯೂ ಈ ವಸ್ತು ಇದೆ.

ನುಂಗಿದ್ದೆಲ್ಲ ಕೊನೆಗೆ ಹೋಗಿ ಸೇರುವುದು ಜಠರಕ್ಕೆ. ಅಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಅಕ್ಕಸಾಲಿಗರ ಅಂಗಡಿಯಲ್ಲಿ ಇರುವಂತಹ ಆಮ್ಲದ ನೀರಾದ ರೂಪ. ನೀರಿನೊಡನೆ, ಊಟದೊಡನೆ ಒಳಗೆ ಬರುವ ಬಹುಪಾಲು ರೋಗಾಣುಗಳು ಇಲ್ಲಿಯೇ ಸಾಯುತ್ತವೆ. ಈ ಆಮ್ಲ ಎಷ್ಟು ದೊಡ್ಡ ಕಾವಲು ಎಂಬುದು ಕಾಲರಾ ರೋಗಾಣುವಿನಿಂದ ತಿಳಿಯುತ್ತದೆ. ಹೊಟ್ಟೆ ಆರೋಗ್ಯವಾಗಿದ್ದರೆ ಆ ರೋಗಾಣು ಕೋಟಿಗಟ್ಟಲೆ ಒಳಹೊಕ್ಕಾಗ ಮಾತ್ರ ಕೆಲವು ಬದುಕಿ ಕರುಳನ್ನು ತಲುಪಬಲ್ಲವು. ಆಮ್ಲವನ್ನು ತಗ್ಗಿಸಿದರೆ ಅದರ ಅತಿ ಚಿಕ್ಕ ಪಾಲು ಸಾಕು. 1892ರಲ್ಲಿ ಮ್ಯೂನಿಕ್ಕಿನ ಮ್ಯಾಕ್ಸ್ ಪೆಟ್ಟೆನ್‌ಕೋಫರ್ ಎಂಬ ಹಿರಿಯ ವಿಜ್ಞಾನಿ ರೋಗಾಣುವಾದವನ್ನು ಒಪ್ಪದೆ, ಸೋಡಾ ಬೆರೆಸಿ ಜಠರದ ಆಮ್ಲವನ್ನು ತಣಿಸಿ, ಕಾಲರಾ ರೋಗಾಣುಗಳ ದ್ರವವನ್ನು ಕುಡಿದುಬಿಟ್ಟರು. ಸಣ್ಣ ಭೇದಿಯಾಯಿತು, ಬದುಕಿದರು. ತಮ್ಮ ವಾದವೇ ಗೆದ್ದಿತೆಂದು ತಿಳಿದರು. ವಿದ್ವಾಂಸರ ಹಠ ಎಂತಹದೆಂದು ತೋರಿಸಲು ಈ ಪ್ರಸಂಗವನ್ನು ನಾವು ಆಗಾಗ ನೆನೆಯುವುದುಂಟು.

ಈ ಎಲ್ಲ ಗೋಡೆಗಳನ್ನು ಮೀರಿ ಒಳಗೆ ಬಂದದ್ದಕ್ಕೆ ಬಿಳಿಕಣಗಳಿವೆ. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಇಲ್ಯಾ ಮೆಚ್ನಿಕೋವ್ ನಕ್ಷತ್ರಮೀನಿನ ಪಾರದರ್ಶಕ ಮರಿಯೊಂದಕ್ಕೆ ಗುಲಾಬಿಯ ಮುಳ್ಳು ಚುಚ್ಚಿ, ಅಲೆದಾಡುವ ಜೀವಕೋಶಗಳು ಬಂದು ಆ ಮುಳ್ಳನ್ನು ಮುತ್ತಿದ್ದನ್ನು ಕಂಡರು. ನಮಗೆ ಮುಳ್ಳು ನೆಟ್ಟ ಜಾಗ ಕೆಂಪಾಗಿ, ಬಿಸಿಯಾಗಿ ಬಾತುಕೊಳ್ಳುವುದು ಇದೇ ಮುತ್ತಿಗೆಯಿಂದ.

ಇಷ್ಟೆಲ್ಲ ಕಾವಲು ಇರುವ ಕೋಟೆಯೊಳಗೆ ಒಂದು ಮೀಟರ್ ಉದ್ದದ ಹುಳವು ಯಾರ ಕಣ್ಣಿಗೂ ಬೀಳದೆ ಒಂದು ವರ್ಷ ವಾಸಿಸುತ್ತಿತ್ತು ಎಂದರೆ ನಂಬುವುದು ಕಷ್ಟ. ನಾರುಹುಳ ಮಾಡುತ್ತಿದ್ದುದು ಅದನ್ನೇ.

ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಜೀವಿಯಿದೆ. ಸಾಸಿವೆಗಿಂತ ಚಿಕ್ಕದು, ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ನೋಡಿದರೆ ಬಿಳಿಯ ಚುಕ್ಕೆಯಂತೆ ನೆಗೆನೆಗೆದು ಈಜುವುದು ಕಾಣುತ್ತದೆ. ನಾರುಹುಳದ ಮರಿಗಳನ್ನು ಇದು ತಿನ್ನುತ್ತದೆ. ಮರಿಗಳು ಇದರ ಹೊಟ್ಟೆಯೊಳಗೆ ಸುಮಾರು ಎರಡು ವಾರ ಬೆಳೆಯುತ್ತವೆ. ಆ ನೀರನ್ನು ಮನುಷ್ಯ ಕುಡಿಯುತ್ತಾನೆ. ಸೈಕ್ಲಾಪ್ಸ್ ಜಠರಕ್ಕೆ ಬಂದೊಡನೆ ಆಮ್ಲವು ತನ್ನ ಕರ್ತವ್ಯವನ್ನು ಮಾಡಿ ಅದನ್ನು ಕೊಲ್ಲುತ್ತದೆ. ಕೊಂದದ್ದರಿಂದಲೇ ಒಳಗಿದ್ದ ಮರಿಗಳಿಗೆ ಬಿಡುಗಡೆ! ಬ್ರಿಟಿಷ್ ವಿಜ್ಞಾನಿ ರಾಬರ್ಟ್ ಲೈಪರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಫ್ರಿಕಾದ ಚಿನ್ನದ ಕರಾವಳಿಯಲ್ಲಿ ಈ ಗುಟ್ಟನ್ನು ಬಯಲು ಮಾಡಿದರು. ಜಠರದಲ್ಲಿರುವಷ್ಟೇ ತೀಕ್ಷ್ಣತೆಯ, ಅಂದರೆ ಶೇಕಡಾ 0.2ರ ಆಮ್ಲದಲ್ಲಿ ಸೈಕ್ಲಾಪ್ಸ್‌ಗಳನ್ನು ಹಾಕಿದಾಗ ಅವು ಸತ್ತವು. ಅವುಗಳೊಳಗಿನ ಮರಿಗಳು ಮಾತ್ರ ಮೊದಲಿಗಿಂತ ಚುರುಕಾಗಿ ಹೊರಬಂದವು. ಲಕ್ಷಾಂತರ ಶತ್ರುಗಳನ್ನು ಸುಡುವ ಅಗ್ನಿಕುಂಡವೇ ಈ ಒಂದು ಶತ್ರುವಿಗೆ ಕೀಲಿಕೈಯಾಗಿತ್ತು.

ಹೊರಬಂದ ಮರಿಗಳು ಕರುಳನ್ನು ಕೊರೆದು ದೇಹದೊಳಗೆ ಸೇರುತ್ತವೆ. ಕೆಲವು ತಿಂಗಳಲ್ಲಿ ಗಂಡು ಸಾಯುತ್ತದೆ. ಹೆಣ್ಣು ಬೆಳೆಯುತ್ತ, ಶಾವಿಗೆಯ ಎಳೆಯಷ್ಟು ದಪ್ಪ, ಎರಡರಿಂದ ಮೂರು ಅಡಿ ಉದ್ದವಾಗಿ, ಚರ್ಮದ ಕೆಳಗೆ ಮೆಲ್ಲಗೆ ಕಾಲಿನ ಕಡೆಗೆ ಇಳಿಯುತ್ತದೆ. ಅಷ್ಟೂ ಕಾಲ ಜ್ವರವಿಲ್ಲ, ನೋವಿಲ್ಲ. ಪಹರೆಯವರಿಗೆ ಸುಳಿವೇ ಸಿಗುವುದಿಲ್ಲ. ಸುಮಾರು ಒಂದು ವರ್ಷದ ಬಳಿಕ ಕಾಲಿನ ಮೇಲೆ ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟಂತಹ ಉರಿ. ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿನಲ್ಲಿ ಇಳಿಬಿಡುತ್ತಾನೆ. ಹುಳ ಕಾದಿರುವುದು ಆ ಗಳಿಗೆಗಾಗಿಯೇ. ಬೊಬ್ಬೆ ಒಡೆದು ಲಕ್ಷಗಟ್ಟಲೆ ಮರಿಗಳು ನೀರಿಗೆ ಚೆಲ್ಲುತ್ತವೆ. ಒಳಗೆ ಬರುವಾಗ ಜಠರವನ್ನೂ ಹೊರಗೆ ಹೋಗುವಾಗ ಚರ್ಮವನ್ನೂ ಸೋಲಿಸುವ ಜೀವಿ ಇದು.

ಈಗ ಮೆಟ್ಟಿಲು ಬಾವಿಯನ್ನು ನೆನೆಯಿರಿ. ಹಗ್ಗ ಹಾಕಿ ನೀರು ಸೇದುವ ಬಾವಿಯಲ್ಲಿ ಯಾರ ಕಾಲೂ ನೀರಿಗೆ ತಾಗುವುದಿಲ್ಲ. ಹರಿಯುವ ಹೊಳೆಯಲ್ಲಿ ಸೈಕ್ಲಾಪ್ಸ್ ನೆಲೆ ನಿಲ್ಲುವುದು ಕಷ್ಟ. ಮೆಟ್ಟಿಲು ಬಾವಿಯಲ್ಲಾದರೋ ನೀರು ನಿಂತದ್ದು, ಜನ ಮೊಣಕಾಲಿನವರೆಗೆ ಇಳಿದು ಕೊಡ ತುಂಬುವವರು. ಬೇಸಿಗೆಯಲ್ಲಿ ನೀರು ಇಷ್ಟೇ ಇಷ್ಟು ಉಳಿದಾಗ ಸೈಕ್ಲಾಪ್ಸ್‌ಗಳ ಸಂಖ್ಯೆ ಅದರಲ್ಲಿ ದಟ್ಟವಾಗುತ್ತದೆ. ಆ ಬೇಸಿಗೆಯಲ್ಲಿ ಕುಡಿದ ನೀರಿನ ಹುಳ ಮುಂದಿನ ಬೇಸಿಗೆಯ ಕೊನೆಗೆ, ಮುಂಗಾರು ಬಿತ್ತನೆಯ ಹೊಸ್ತಿಲಲ್ಲಿ ಹೊರಬರುತ್ತದೆ. ರೈತನು ಕೂರಿಗೆ ಹಿಡಿಯಬೇಕಾದ ವಾರಗಳಲ್ಲಿಯೇ ಕಾಲು ಬಾತು ಮಲಗಬೇಕು. ಈ ರೋಗದಿಂದ ಸಾಯುವವರು ಕಡಿಮೆ. ಆದರೆ ಒಂದು ಮನೆಯ ಒಂದು ವರ್ಷದ ಬೆಳೆ ಹೋದರೆ ಸಾಲ, ಸಾಲದ ಹಿಂದೆ ಹೊಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಗಲ ಎಳೆಯುತ್ತ ವಾರಗಟ್ಟಲೆ ಕಾಯುವುದೊಂದೇ ಚಿಕಿತ್ಸೆ. ಅವಸರ ಮಾಡಿ ಹುಳ ತುಂಡಾದರೆ ಒಳಗುಳಿದ ಭಾಗ ಕೊಳೆತು ಕೀವು, ಕೆಲವೊಮ್ಮೆ ಧನುರ್ವಾಯು. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬ ಸಮಾಧಾನವೂ ಇಲ್ಲ. ಸಿಡುಬಿನಂತೆ ದೇಹ ಇದರಿಂದ ಪಾಠ ಕಲಿಯುವುದಿಲ್ಲ, ಪ್ರತಿ ವರ್ಷ ಬರಬಹುದು.

ಈ ಹುಳದ ಹೆಸರಿನಲ್ಲಿ ನಮಗೆ ಪರಿಚಿತವಾದ ಒಂದು ಊರಿದೆ. ಯುನಾನಿ ಹಕೀಮರು ಇದನ್ನು ಇರ್ಕೆ ಮದನಿ ಎನ್ನುತ್ತಾರೆ, ಅಂದರೆ ಮದೀನಾದ ನರ. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಇದನ್ನು ಈ ಹೆಸರಿನಿಂದ ವರ್ಣಿಸಿದರು. ಮದೀನಾದಲ್ಲಿ ಇದು ಹೆಚ್ಚಾಗಿ ಕಂಡುಬರುತ್ತಿದ್ದುದೇ ಹೆಸರಿಗೆ ಕಾರಣ. ತುಂಡಾಗದಂತೆ ಮೆಲ್ಲಗೆ ಸುತ್ತಿ ಎಳೆಯಬೇಕೆಂಬ ಎಚ್ಚರಿಕೆಯೂ ಅವರಲ್ಲಿದೆ. ಅದು ಜೀವಿಯೋ, ದೇಹದೊಳಗೆ ಕೆಟ್ಟುಹೋದ ನರವೋ ಎಂಬ ಚರ್ಚೆ ವೈದ್ಯರಲ್ಲಿ ಶತಮಾನಗಳ ಕಾಲ ನಡೆಯಿತು. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಲಿನೇಯಸ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗಲೂ ಮದೀನಾದ ಹೆಸರನ್ನೇ ಉಳಿಸಿಕೊಂಡರು. ಇಂದಿಗೂ ಅದು ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್. ಪವಿತ್ರ ನಗರದ ಹೆಸರು ಹುಳಕ್ಕೆ ಅಂಟಿತಲ್ಲ ಎಂದು ಕೆಲವರು ಬೇಸರಪಡುತ್ತಾರೆ. ನಮಗೆ ಹಾಗೆ ಅನಿಸುವುದಿಲ್ಲ. ರೋಗವು ಊರಿನ ಪಾವಿತ್ರ್ಯವನ್ನು ಕೇಳಿ ಬರುವುದಿಲ್ಲ. ಪ್ರವಾದಿ(ಸ)ಯವರ ಸಂಗಾತಿಗಳಲ್ಲಿ ಹಿರಿಯರಾದ ಅಬೂ ಉಬೈದಾ(ರ) ಅವರೇ ಕ್ರಿ.ಶ. 639ರಲ್ಲಿ ಸಿರಿಯಾದ ಅಮವಾಸ್ ಪಿಡುಗಿನಲ್ಲಿ ತೀರಿಕೊಂಡರು.

ಇಬ್ನ್ ಸೀನಾ ಹುಟ್ಟಿದ ಬುಖಾರಾ ಸೀಮೆಯೂ ಇದೇ ಹುಳಕ್ಕೆ ಕುಪ್ರಸಿದ್ಧವಾಗಿತ್ತು. ಅಲ್ಲಿ ಬಾವಡಿಯ ಬದಲು ಹೌಝ್ ಇತ್ತು: ಕಲ್ಲಿನ ಮೆಟ್ಟಿಲುಗಳುಳ್ಳ ಕೊಳ, ಹೆಚ್ಚಾಗಿ ಮಸೀದಿ ಅಥವಾ ಮದರಸಾದ ಪಕ್ಕದಲ್ಲಿ. ಬುಖಾರಾದ ಹೆಸರಾಂತ ಲಬೇ ಹೌಝ್ ಮತ್ತು ವಿಜಯಪುರದ ತಾಜ್ ಬಾವಡಿ ಎರಡನ್ನೂ 1620ರ ಹೊತ್ತಿಗೆ ಕಟ್ಟಿದ್ದೆಂದು ಹೇಳುವುದು ಒಂದು ಕುತೂಹಲದ ಯೋಗಾಯೋಗ. ಸೈಕ್ಲಾಪ್ಸ್‌ನ ಪಾತ್ರವನ್ನು ಮೊದಲು ಕಂಡವರು ಆ ಪ್ರದೇಶದಲ್ಲಿಯೇ ಸಂಚರಿಸುತ್ತಿದ್ದ ರಷ್ಯಾದ ಅಲೆಕ್ಸಿ ಫೆದ್ಚೆಂಕೊ. ಅದು 1870ರ ಸುಮಾರಿಗೆ. 1920ರ ದಶಕದಲ್ಲಿ ಲಿಯೊನಿದ್ ಇಸಾಯೆವ್ ನೇತೃತ್ವದಲ್ಲಿ ಬುಖಾರಾದ ಹೌಝ್‌ಗಳನ್ನು ಬರಿದುಮಾಡಿ, ಶುಚಿಗೊಳಿಸಿ, ನಲ್ಲಿ ನೀರಿನ ವ್ಯವಸ್ಥೆ ತರಲಾಯಿತು. 1930ರ ದಶಕದ ಆರಂಭಕ್ಕೆ ಹುಳ ಅಲ್ಲಿಂದ ಮರೆಯಾಯಿತು.

ಇಲ್ಲಿ ಮದರಸಾದಲ್ಲಿ ಓದಿದ ನಮ್ಮಂಥವರು ಒಂದು ಮಾತು ಹೇಳಲೇಬೇಕು. ಫಿಕ್ಹ್ ಗ್ರಂಥಗಳ ಮೊದಲ ಅಧ್ಯಾಯವೇ ನೀರಿನ ಶುದ್ಧಿ. ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಝ್‌ನ ನೀರನ್ನು ಹರಿಯುವ ನೀರಿನ ಸಮಾನವೆಂದು ಹನಫೀ ವಿದ್ವಾಂಸರು ಪರಿಗಣಿಸುತ್ತಾರೆ; ಶಾಫಿಈ ಮದ್‌ಹಬ್‌ನಲ್ಲಿ ಎರಡು ಖುಲ್ಲಾ ಎಂಬ ಅಳತೆಯಿದೆ. ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಅದರಿಂದ ವುಝೂ ಸಿಂಧು. ಇದು ಆರಾಧನೆಗೆ ಸಂಬಂಧಿಸಿದ ತೀರ್ಪು. ಆ ನೀರನ್ನು ಕುಡಿದರೆ ರೋಗ ಬರುವುದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ, ಅದರ ಉತ್ತರವನ್ನು ಕೇಳಬೇಕಾದುದು ವೈದ್ಯರಲ್ಲಿ. ಸೈಕ್ಲಾಪ್ಸ್ ತುಂಬಿದ ನೀರಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ಈ ಎರಡು ಪ್ರಶ್ನೆಗಳನ್ನು ಒಂದು ಮಾಡಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ವುಝೂವಿನಲ್ಲಿ ಮೂಗು, ಬಾಯಿ, ಕೈಗಳನ್ನು ತೊಳೆಯುವುದರಿಂದ ದೇಹದ ಬಾಗಿಲುಗಳು ಶುಚಿಯಾಗುತ್ತವೆ ಎಂಬುದು ನಿಜ. ಅದರಿಂದ ಸಕಲ ರೋಗಗಳೂ ದೂರವೆಂದು ಭಾಷಣ ಮಾಡುವುದು ಅತಿರೇಕ. ನಿಂತ ನೀರಿನಲ್ಲಿ ಮೂತ್ರ ಮಾಡಬಾರದು, ನಿದ್ದೆಯಿಂದೆದ್ದವನು ತೊಳೆಯದ ಕೈಯನ್ನು ನೀರಿನ ಪಾತ್ರೆಗೆ ಅದ್ದಬಾರದು, ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ನೀರನ್ನು ಮನುಷ್ಯನ ಮೈಯ ಕೊಳೆಯಿಂದ ಕಾಪಾಡಬೇಕೆಂಬ ಈ ದೃಷ್ಟಿಯಿಂದ ನೋಡಿದರೆ, ಹುಣ್ಣಿನ ಕಾಲನ್ನು ಕುಡಿಯುವ ನೀರಿನಲ್ಲಿ ಇಳಿಬಿಡುವುದನ್ನು ಒಪ್ಪಲು ಸಾಧ್ಯವೇ?

ನಮ್ಮ ಕರ್ನಾಟಕದಲ್ಲಿಯೇ ಈ ಹುಳದ ಬಗೆಗೆ ನಡೆದ ಸಂಶೋಧನೆ ಲೋಕದ ಗಮನ ಸೆಳೆದದ್ದು ಕಡಿಮೆ ಜನರಿಗೆ ತಿಳಿದಿದೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿಯವರು ಚಿತ್ರದುರ್ಗ ಜಿಲ್ಲೆಯ ಮೆಟ್ಟಿಲು ಬಾವಿಗಳನ್ನು ಅಧ್ಯಯನ ಮಾಡಿ, ಸೈಕ್ಲಾಪ್ಸ್‌ನೊಳಗೆ ನಾರುಹುಳದ ಮರಿ ಹೇಗೆ ಬೆಳೆಯುತ್ತದೆ ಎಂಬುದನ್ನು ಹಂತಹಂತವಾಗಿ ದಾಖಲಿಸಿದರು. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಅವರೊಂದಿಗೆ ಸೇರಿ ಸೈಕ್ಲಾಪ್ಸ್ ತಿನ್ನುವ ಚಿಕ್ಕ ಮೀನುಗಳನ್ನು ಬಾವಿಗಳಿಗೆ ಬಿಟ್ಟು ರೋಗವನ್ನು ತಗ್ಗಿಸುವ ಪ್ರಯೋಗವನ್ನೂ ನಡೆಸಿದರು. ಇಬ್ಬರೂ ನಾಯಿಗಳಿಗೆ ಈ ಸೋಂಕು ತಗಲಬಲ್ಲದೆಂದೂ ಪ್ರಯೋಗದಿಂದ ತೋರಿಸಿದರು. ಆ ಕೊನೆಯ ಸಂಗತಿ 80 ವರ್ಷಗಳ ಬಳಿಕ ಮುಖ್ಯವಾಗಲಿತ್ತು.

1983-84ರಲ್ಲಿ ಭಾರತ ಸರ್ಕಾರ ನಾರುಹುಣ್ಣಿನ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಆಗ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಕರ್ನಾಟಕ ಆ ಏಳರಲ್ಲಿ ಒಂದು, ಅದರಲ್ಲಿಯೂ ವಿಜಯಪುರ, ರಾಯಚೂರು ಕಡೆಯ ಒಣ ಸೀಮೆಗಳು. ಈ ಹುಳಕ್ಕೆ ಲಸಿಕೆ ಇರಲಿಲ್ಲ, ಇಂದಿಗೂ ಇಲ್ಲ. ಕೊಲ್ಲುವ ಮಾತ್ರೆಯೂ ಇಲ್ಲ. ಒಳಗಿನ ಕೋಟೆ ಸೋತಿರುವಾಗ ಕಾವಲನ್ನು ಹೊರಗೆ ಹಾಕುವುದೊಂದೇ ದಾರಿ. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಪಟ್ಟಿಮಾಡಿದರು. ಹುಣ್ಣಿಗೆ ಪಟ್ಟಿ ಕಟ್ಟಿ ನೀರಿಗಿಳಿಯಬೇಡಿರೆಂದು ಕೇಳಿಕೊಂಡರು. ಬಾವಿಗಳಿಗೆ ಟೆಮಿಫಾಸ್ ಎಂಬ ಔಷಧವನ್ನು ಸೈಕ್ಲಾಪ್ಸ್ ಸಾಯುವಷ್ಟು, ಮನುಷ್ಯನಿಗೆ ತೊಂದರೆಯಾಗದಷ್ಟು ಅಳತೆಯಲ್ಲಿ ಹಾಕಿದರು. ಕೈಪಂಪುಗಳು ಬಂದವು. ಮೆಟ್ಟಿಲುಗಳನ್ನು ಮುಚ್ಚಿ, ಕಟ್ಟೆ ಕಟ್ಟಿ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಲಾಯಿತು. ಅಜ್ಜ ಮುತ್ತಜ್ಜಂದಿರು ಪುಣ್ಯಕ್ಕೆಂದು ಕಟ್ಟಿಸಿದ ಮೆಟ್ಟಿಲನ್ನು ಮುಚ್ಚುವುದು ಸುಲಭದ ಮಾತಲ್ಲ. ಆದರೆ ದಾನಿಯ ಉದ್ದೇಶ ನೀರು ಕೊಡುವುದಾಗಿತ್ತು, ಕಲ್ಲು ಉಳಿಸುವುದಲ್ಲ. ಮೆಟ್ಟಿಲು ಮುಚ್ಚಿದವರು ಆ ದಾನವನ್ನು ಮುಂದುವರಿಸಿದರೆಂದೇ ನಾವು ತಿಳಿಯುತ್ತೇವೆ.

ಎಲ್ಲಕ್ಕಿಂತ ಸರಳವಾದ ಉಪಾಯ ಬಟ್ಟೆ. ಸೈಕ್ಲಾಪ್ಸ್ ಸುಮಾರು ಒಂದು ಮಿಲಿಮೀಟರ್ ಗಾತ್ರದ್ದು. ಒತ್ತಾಗಿ ನೇಯ್ದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದರೆ ಅದು ಮೇಲೆಯೇ ಉಳಿಯುತ್ತದೆ. ಜಠರದ ಆಮ್ಲಕ್ಕೆ ಆಗದ ಕೆಲಸವನ್ನು ಒಂದು ತುಂಡು ಬಟ್ಟೆ ಮಾಡಿತು. ಸೀರೆ ನೇಯ್ದು ಬದುಕುವ ರಬಕವಿ-ಬನಹಟ್ಟಿಯವರಿಗೆ ಇನ್ನೊಂದು ಸುದ್ದಿಯನ್ನೂ ಹೇಳಬೇಕು. ಬಾಂಗ್ಲಾದೇಶದ ಮತ್ಲಬ್‌ನಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 65 ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಹೆಂಗಸರ ಮನೆಗಳಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಯಿತು. ಕಾಲರಾ ರೋಗಾಣು ಸೈಕ್ಲಾಪ್ಸ್‌ನ ಬಳಗದ ಜೀವಿಗಳಿಗೆ ಅಂಟಿಕೊಂಡು ತೇಲುವುದೇ ಇದಕ್ಕೆ ಕಾರಣ. ಹೊಸ ಸೀರೆಗಿಂತ ಹತ್ತಾರು ಬಾರಿ ಒಗೆದ ಹಳೆಯ ಸೀರೆಯೇ ಮೇಲು. ಒಗೆದಂತೆ ನೂಲು ಬಿಚ್ಚಿ ಉಬ್ಬಿ ಎಳೆಗಳ ನಡುವಿನ ಸಂದು ಕಿರಿದಾಗುತ್ತದೆ. ನಮ್ಮ ತಾಯಂದಿರು ನೀರನ್ನು ಸೋಸದೆ ಕುಡಿಯಗೊಡುತ್ತಿರಲಿಲ್ಲ. ಕಾರಣ ಹೇಳಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೆ.

ಭಾರತದ ಕೊನೆಯ ನಾರುಹುಣ್ಣಿನ ರೋಗಿ ಕಂಡುಬಂದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಮೂರು ವರ್ಷಗಳ ಕಾವಲಿನ ಬಳಿಕ, 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. 1986ರಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಇದು ಬರುತ್ತಿತ್ತೆಂದು ಅಂದಾಜು. 2023ರಲ್ಲಿ ಇಡೀ ಲೋಕದಲ್ಲಿ 14 ಜನರಿಗೆ ಮಾತ್ರ ಬಂದಿತು.

ಆ 14 ಸೊನ್ನೆಯಾಗದಿರಲು ಕಾರಣ ನಾಯಿಗಳು. ಆಫ್ರಿಕಾದ ಚಾಡ್ ದೇಶದಲ್ಲಿ 2012ರಿಂದ ಈ ಹುಳ ನಾಯಿಗಳ ಮೈಯಿಂದ ಹೊರಬರುವುದು ಕಾಣತೊಡಗಿತು. ಅವು ಹೊಳೆಗೆ, ಕೊಳಕ್ಕೆ ಇಳಿದಾಗ ಮರಿಗಳು ಮತ್ತೆ ನೀರು ಸೇರುತ್ತವೆ. ಚಿತ್ರದುರ್ಗದ ಬಾವಿಗಳ ಕಾಲದಲ್ಲಿ ಮೂರ್ತಿ ಮತ್ತು ಸ್ವೀಟ್ ಪ್ರಯೋಗದಲ್ಲಿ ಕಂಡದ್ದು ಹೀಗೆ ಹೊಲದಲ್ಲಿ ನಡೆಯಿತು. ಬೇಟೆನಾಯಿಯಿಂದಲೇ ಹೆಸರಾದ ಮುಧೋಳದವರಿಗೆ ನಾಯಿ ಸಾಕುವವನ ಅಕ್ಕರೆ ಏನೆಂದು ವಿವರಿಸಬೇಕಿಲ್ಲ. ಚಾಡ್‌ನ ಹಳ್ಳಿಗರು ಈಗ ತಮ್ಮ ನಾಯಿಗಳನ್ನು ಹುಳ ಪೂರ್ತಿ ಹೊರಬರುವವರೆಗೆ ವಾರಗಟ್ಟಲೆ ಕಟ್ಟಿಹಾಕಿ, ನೀರನ್ನು ತಾವೇ ತಂದು ಕುಡಿಸುತ್ತಿದ್ದಾರೆ. ಮೀನಿನ ಕರುಳು-ತ್ಯಾಜ್ಯಗಳನ್ನು ಅವುಗಳ ಬಾಯಿಗೆ ಸಿಗದಂತೆ ಹೂಳುತ್ತಿದ್ದಾರೆ.